ಪಹಣಿಯೊಳಗಿನ ಪ್ರೇಮಕಥೆ: ಬೋನಾಳ ಸೀಮೆಯ ಹೊಲ ಮತ್ತು ಕಾದಂಬರಿ



ಇಂದಿನ ಉಪನ್ಯಾಸದ ವಿಷಯ ಒಂದು ಬಗೆಯ ಕಾದಂಬರಿ. ಅದರ ಹಂದರ ನಿಮಗೆಲ್ಲ ಗೊತ್ತಿರುವಂಥದೇ. ಮನೆತನದ ಹೊಲವೊಂದಿದೆ. ಓದಿಗೋ ನೌಕರಿಗೋ ಹೊರಗೆ ಹೋಗಿದ್ದ ಮಗಳೋ ಮೊಮ್ಮಗನೋ ಅಲ್ಲಿಗೆ ಮರಳುತ್ತಾರೆ. ಅಲ್ಲೊಂದು ಪ್ರೀತಿ ಮೊಳೆಯುತ್ತದೆ. ಅದೇ ಹೊತ್ತಿಗೆ ಹೊಲದಲ್ಲೋ ಹಳೆಯ ಪೆಟ್ಟಿಗೆಯಲ್ಲೋ ಹಿಂದಿನ ಕಾಲದ ಬಗೆಹರಿಯದ ಸಂಗತಿಯೊಂದು ತಲೆಯೆತ್ತುತ್ತದೆ. ಈ ಹಂದರದ ಮೇಲೆ ಸಾವಿರಾರು ಕತೆಗಳು ಹಬ್ಬಿವೆ, ಬಹಳಷ್ಟು ಸೊರಗಿವೆ. ಯಾಕೆ ಸೊರಗುತ್ತವೆ ಎಂಬುದಕ್ಕೆ ನನ್ನ ಉತ್ತರ ಇಷ್ಟೇ: ಹಳೆಯ ಗುಟ್ಟು ಬಯಲಾದ ಮೇಲೆ ಪ್ರೇಮಿಗಳ ಸ್ಥಿತಿ ಬದಲಾಗಬೇಕು. ಯಾರು ಯಾರನ್ನು ಮದುವೆಯಾಗಬಹುದು, ಆದಮೇಲೆ ಎಲ್ಲಿ ನಿಲ್ಲಬಹುದು, ಯಾವ ಮಣ್ಣನ್ನು ತಮ್ಮದೆನ್ನಬಹುದು ಎಂಬ ಲೆಕ್ಕ ಏರುಪೇರಾಗಬೇಕು. ಹಾಗಾಗದಿದ್ದರೆ ಒಲವೂ ಇತಿಹಾಸವೂ ಒಂದೇ ರಟ್ಟಿನೊಳಗೆ ಹೊಲಿದ ಎರಡು ಬೇರೆ ಪುಸ್ತಕಗಳಾಗಿ ಉಳಿಯುತ್ತವೆ. ಎರಡನ್ನೂ ಒಂದಾಗಿಸುವ ಸಾಮಗ್ರಿ ಬೋನಾಳದ ಸುತ್ತಿನ ಸುರಪುರ–ಶಹಾಪುರ ಸೀಮೆಯಲ್ಲಿ ಹೇರಳವಾಗಿದೆ, ಏಕೆಂದರೆ ಇಲ್ಲಿ ಹೊಲದ ಹಕ್ಕು, ಮನೆಯ ಮದುವೆ, ನಾಡಿನ ಚರಿತ್ರೆ ಮೂರೂ ಒಂದೇ ಕಾಗದದ ಮೇಲೆ ಬಂದು ಕೂಡುತ್ತವೆ. ಈ ಮಾತಿಗೆ ಆಧಾರ ಒದಗಿಸುವುದು, ಇದಕ್ಕೆ ಬರಬಹುದಾದ ಆಕ್ಷೇಪಗಳಿಗೆ ಉತ್ತರಿಸುವುದು ಇಂದಿನ ನನ್ನ ಕೆಲಸ.

ಮೊದಲು ನೆಲವನ್ನು ನೋಡೋಣ. ಹೊರಗಿನವರಿಗೆ ಬೋನಾಳ ಎಂದರೆ ಪಕ್ಷಿಧಾಮ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಂದಾಗಿ ಅದರ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ. ಆದರೆ ಆ ಪಕ್ಷಿಧಾಮದ ಕೆರೆ ಮನುಷ್ಯರ ಕೈಯ ಕೆಲಸ. ಸುರಪುರವನ್ನಾಳಿದ ನಾಯಕ ಅರಸ ಪೀತಾಂಬರ ಬಹರಿ ಪಿಡ್ಡನಾಯಕನ ಕಾಲದಲ್ಲಿ ಅದನ್ನು ಕಟ್ಟಿಸಿದರು. ಮುಂದೆ, 1841ರಿಂದ 1853ರವರೆಗೆ ಸುರಪುರದಲ್ಲಿ ಬ್ರಿಟಿಷರ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಅದನ್ನು ಸುಧಾರಿಸಿದ. ಕೆರೆ ಕಟ್ಟುವುದನ್ನು ನಾವು ಪುಣ್ಯದ ಕೆಲಸವೆಂದು ಹೊಗಳುತ್ತೇವೆ, ಹೊಗಳಬೇಕಾದದ್ದೇ. ಅದರ ಜೊತೆಗೆ ಇನ್ನೊಂದು ಲೆಕ್ಕವಿದೆ. ಕೆರೆಯ ಅಂಗಳದಲ್ಲಿ ಯಾರದೋ ಎರೆ ಹೊಲ ಮುಳುಗುತ್ತದೆ, ಏರಿಯ ಕೆಳಗೆ ಇನ್ಯಾರದೋ ಖುಷ್ಕಿ ಹೊಲ ತರಿಯಾಗುತ್ತದೆ. ಒಂದು ತಲೆಮಾರಿನಲ್ಲಿ ಉಳ್ಳವರು ಯಾರು, ಇಲ್ಲದವರು ಯಾರು ಎಂಬುದು ಬದಲಾಗುತ್ತದೆ. 1982ರಲ್ಲಿ ನಾರಾಯಣಪುರ ಜಲಾಶಯ ಮುಗಿದು ಎಡದಂಡೆ ಕಾಲುವೆಯ ನೀರು ಹರಿದಾಗ ಆದದ್ದೂ ಅದೇ. ಬಿಳಿಜೋಳ, ಸಜ್ಜೆ, ತೊಗರಿ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದವು, ಬದುಗಳು ಸರಿದವು, ಬೆಲೆ ಏರಿತು, ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು. ಇಂಥ ನೆಲದಲ್ಲಿ ಕೂಡಿದ ಹುಡುಗ-ಹುಡುಗಿಯರ ಪ್ರೀತಿ ಬರೇ ಅವರಿಬ್ಬರ ಸಂಗತಿಯಾಗಿ ಉಳಿಯುವುದು ಸಾಧ್ಯವೇ ಇಲ್ಲ.

ಟೇಲರನ ಹೆಸರು ಬಂದದ್ದರಿಂದ ಅವನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಈ ಸೀಮೆಯ ಗಾಳಿ ಕುಡಿದು ಪ್ರೇಮವನ್ನೂ ಇತಿಹಾಸವನ್ನೂ ಕೂಡಿಸಿ ಬರೆದ ಕಾದಂಬರಿಕಾರ ಅವನು. ಅವನ ಹೆಂಡತಿ ಮೇರಿ ಪಾಮರ್, ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು. ಆ ಪಾಮರನ ತಂದೆ ಇಂಗ್ಲಿಷ್ ಸೇನಾಧಿಕಾರಿ, ತಾಯಿ ಮೊಗಲ್ ನಂಟಿನ ಬೇಗಂ. ಹೀಗೆ ಎರಡು ಜನಾಂಗಗಳ ನಡುವಣ ಮದುವೆ ಎಂಬುದು ಟೇಲರನಿಗೆ ಮನೆಯ ವಿಷಯವೇ ಆಗಿತ್ತು. 1872ರಲ್ಲಿ ಬಂದ ಅವನ ‘ಸೀತಾ’ ಕಾದಂಬರಿಯಲ್ಲಿ ಸಿರಿಲ್ ಬ್ರಾಂಡನ್ ಎಂಬ ಇಂಗ್ಲಿಷ್ ಅಧಿಕಾರಿ ಸೀತಾ ಎಂಬ ಹಿಂದೂ ವಿಧವೆಯನ್ನು ಮದುವೆಯಾಗುತ್ತಾನೆ. 1857ರ ದಂಗೆಯ ಹಿನ್ನೆಲೆ. ದಂಗೆಯ ನೆನಪು ಹಸಿಯಾಗಿದ್ದಾಗಲೇ ಇಂಥ ಮದುವೆಯನ್ನು ಗೌರವದಿಂದ ಬರೆಯಲು ಎದೆಗಾರಿಕೆ ಬೇಕಿತ್ತು. ಅದನ್ನು ಮುಕ್ತವಾಗಿ ಒಪ್ಪಬೇಕು. ಆದರೆ ಕತೆಯ ಕೊನೆ ನೋಡಿ. ಗಂಡನಿಗೆ ಬರುತ್ತಿದ್ದ ಭರ್ಜಿಗೆ ಸೀತಾ ಅಡ್ಡ ನಿಂತು ಸಾಯುತ್ತಾಳೆ. ಸಿರಿಲ್ ಇಂಗ್ಲಿಷ್ ಹುಡುಗಿಯನ್ನು ಮದುವೆಯಾಗಿ ತನ್ನ ದೇಶಕ್ಕೆ ಮರಳಿ ಮನೆತನದ ಪದವಿಗೆ ಏರುತ್ತಾನೆ. ಸೀತಾ ಬದುಕಿದ್ದರೆ ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ಇಂಗ್ಲೆಂಡಿನ ಆ ಆಸ್ತಿಯಲ್ಲಿ, ಆ ಪದವಿಯಲ್ಲಿ ಅವಳ ಮಕ್ಕಳಿಗೆ ಪಾಲುಂಟೆ? ಆ ಪ್ರಶ್ನೆ ಏಳದಂತೆ ನಾಯಕಿಯನ್ನು ಕೊಂದದ್ದು ಬರಹಗಾರನ ಅನುಕೂಲ. ಪ್ರೀತಿಗೆ ಅವನ ಕಾದಂಬರಿಯಲ್ಲಿ ಜಾಗವಿತ್ತು, ವಾರಸಿಕೆಗೆ ಇರಲಿಲ್ಲ. ಈ ಬಗೆಯ ಕಾದಂಬರಿಗಳು ಸೋಲುವ ಕಡೆ ಬಹುಪಾಲು ಇದೇ.

ಟೇಲರ್ ಬರೆದ ಇನ್ನೊಂದು ಪುಸ್ತಕ ಅವನ ಆತ್ಮಕಥೆ. ಅವನು ತೀರಿಕೊಂಡ ಮರುವರ್ಷ, 1877ರಲ್ಲಿ, ಮಗಳು ಆಲಿಸ್ ಅದನ್ನು ಸಂಪಾದಿಸಿ ಹೊರತಂದಳು. ಈ ಸೀಮೆಯ ಅತಿ ದೊಡ್ಡ ಐತಿಹಾಸಿಕ ಗುಟ್ಟು ಅದರೊಳಗಿದೆ. ಟೇಲರ್ ಸುರಪುರಕ್ಕೆ ಬಂದಾಗ ರಾಜಾ ವೆಂಕಟಪ್ಪನಾಯಕ ಎಳೆಯ ಹುಡುಗ. ಟೇಲರನನ್ನು ಅಪ್ಪ ಎಂದೇ ಕರೆಯುತ್ತಿದ್ದ. 1853ರಲ್ಲಿ ರಾಜ್ಯ ಅವನ ಕೈಗೆ ಬಂತು. 1858ರ ಆರಂಭದಲ್ಲಿ ಬ್ರಿಟಿಷ್ ಪಡೆ ಸುರಪುರಕ್ಕೆ ಮುತ್ತಿಗೆ ಹಾಕಿತು. ಅರಸ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕ. ಮರಣದಂಡನೆ ಹಂತಹಂತವಾಗಿ ಇಳಿದು, ಕೊನೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ ಎಂದಾಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿಗೆ ಅವನು ಸತ್ತ. ತಾನೇ ಹೊಡೆದುಕೊಂಡ ಎಂದು ಟೇಲರ್ ಬರೆಯುತ್ತಾನೆ. ಇಪ್ಪತ್ತನಾಲ್ಕು ವರ್ಷ ದಾಟುವುದಿಲ್ಲವೆಂದು ಜಾತಕ ಬರೆದವನು ಮೊದಲೇ ಹೇಳಿದ್ದನೆಂದೂ ಸೇರಿಸುತ್ತಾನೆ. ಸುರಪುರ ಸೀಮೆಯ ಜನರಲ್ಲಿ ಅನೇಕರು ಈ ಮಾತನ್ನು ನಂಬಿದವರಲ್ಲ. ಅದು ಕೊಲೆ ಎಂಬ ನುಡಿ ಇಂದಿಗೂ ಬಾಯಿಂದ ಬಾಯಿಗೆ ಬರುತ್ತಿದೆ. ಸಾಕ್ಷಿಯ ದೃಷ್ಟಿಯಿಂದ ನೋಡಿದರೆ ಟೇಲರನ ಹೇಳಿಕೆಗೆ ಎರಡು ಕೊರತೆಗಳಿವೆ. ಗುಂಡು ಹಾರಿದಾಗ ಅವನು ಅಲ್ಲಿರಲಿಲ್ಲ. ಮತ್ತು ಅವನು ನುರಿತ ಕಾದಂಬರಿಕಾರ: ಭವಿಷ್ಯವಾಣಿ, ಸಾಕುತಂದೆಯ ಕೊನೆಯ ಭೇಟಿ, ಬಿಡುಗಡೆಯ ಭರವಸೆ ಚಿಗುರಿದ ಹೊತ್ತಿಗೆ ಸಾವು, ಇವೆಲ್ಲ ಅವನ ಲೇಖನಿಗೆ ಸಲೀಸಾದ ವರಸೆಗಳು. ಇಷ್ಟರಿಂದ ಅದು ಕೊಲೆಯೆಂದು ಸಿದ್ಧವಾಗುವುದಿಲ್ಲ. ಶಿಕ್ಷೆ ಇಳಿಸಿದ ಸರಕಾರವೇ ಕೊಲ್ಲಿಸಿತು ಎನ್ನುವುದಕ್ಕೂ ಗಟ್ಟಿ ಆಧಾರ ಬೇಕಾಗುತ್ತದೆ. ಒಂದೇ ಬದಿಯ ಬರಹದಿಂದ ತೀರ್ಪು ಕೊಡಲಾಗದು ಎಂಬಲ್ಲಿಗೆ ನಾನು ನಿಲ್ಲುತ್ತೇನೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅರಸರ ಸಾವಿಗೆ ಗುಟ್ಟುಂಟು, ಗ್ರಂಥವುಂಟು. ಹತ್ತೆಕರೆ ಹೊಲದ ಒಕ್ಕಲು ಮನೆಗೆ ಯಾವ ಇತಿಹಾಸ, ಯಾವ ಗುಟ್ಟು? ಇದಕ್ಕೆ ಎರಡು ಉತ್ತರ. ಅರಸನ ಪತನ ಅರಮನೆಯಲ್ಲೇ ಮುಗಿಯಲಿಲ್ಲ. ಸೇವೆಗೆ ಪ್ರತಿಯಾಗಿ ಹೊಲ ಉಣ್ಣುತ್ತಿದ್ದ ಬೇಡರ ಮನೆತನಗಳು ಆ ಸಂಸ್ಥಾನದ ಬಲವಾಗಿದ್ದವು. ಸೇವೆ ಬೇಡುವ ಅರಸನೇ ಇಲ್ಲವಾದಾಗ, ಮರುವರ್ಷಗಳಲ್ಲಿ ಸಂಸ್ಥಾನ ನಿಜಾಮನ ಪಾಲಾದಾಗ, ಆ ಹೊಲಗಳ ಆಧಾರವೇನು ಎಂಬ ಪ್ರಶ್ನೆ ಮನೆಮನೆಗೂ ಬಂದಿರಲೇಬೇಕು. ಎರಡನೆಯ ಉತ್ತರ ಇನ್ನೂ ಆಳದ್ದು, ಮಣ್ಣಿನೊಳಗಿನದು. ಇದೇ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಧ್ಯಾಪಕ ಕೆ. ಪದ್ದಯ್ಯ 1989ರ ಸುಮಾರಿಗೆ ಆರಂಭಿಸಿ ಹಲವು ವರ್ಷ ಉತ್ಖನನ ನಡೆಸಿದರು. ಊರವರು ರಕ್ಕಸರ ಮೂಳೆ ಸುಟ್ಟ ಬೂದಿಯೆಂದು ಹೇಳಿಕೊಂಡು ಬಂದಂಥ ದಿಬ್ಬಗಳ ಒಳಗೆ ಇದ್ದದ್ದು ದನದ ಸಗಣಿಯ ಬೂದಿ. ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ದನ ಕೂಡಿದ ದೊಡ್ಡಿ, ಅದರ ಪಕ್ಕದಲ್ಲಿ ಮನೆಗಳ ನೆಲ, ದನ ಕೊಯ್ದ ಜಾಗ, ಕಲ್ಲಿನ ಅಲಗುಗಳನ್ನು ಮಾಡಿದ ಜಾಗ, ಮನೆಗಳ ಹತ್ತಿರವೇ ಹೂಳಿದ ಎಳೆಯ ಮಕ್ಕಳ ಸಮಾಧಿಗಳು ಸಿಕ್ಕವು. ಅರಸರಿಲ್ಲ, ಯುದ್ಧವಿಲ್ಲ, ಶಾಸನವಿಲ್ಲ. ದನ ಕಾಯ್ದು ಬದುಕಿದ ಮನೆಗಳ ಚರಿತ್ರೆ ಅದು. ಮಗುವನ್ನು ಊರಾಚೆ ಒಯ್ಯದೆ ಮನೆಯ ಬದಿಯಲ್ಲೇ ಮಣ್ಣು ಮಾಡಿದ ತಾಯಿತಂದೆಯರ ಎದೆಯಲ್ಲಿ ಏನಿತ್ತೆಂದು ಪುರಾತತ್ತ್ವ ಹೇಳಲಾರದು, ಕಾದಂಬರಿ ಕೇಳಬಹುದು. ಇಂಥ ಬೂದಿಯನ್ನು ಗೊಬ್ಬರವೆಂದು ಬಂಡಿಗಟ್ಟಲೆ ಹೇರಿ ಹೊಲಕ್ಕೆ ಹಾಕಿದವರು ಈ ಭಾಗದ ಒಕ್ಕಲಿಗರು. ತಮ್ಮ ಜೋಳದ ತೆನೆಯೊಳಗೆ ನಾಲ್ಕು ಸಾವಿರ ವರ್ಷದ ಹಿಂದಿನ ಒಕ್ಕಲುತನ ಸೇರಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನೀರಾವರಿ ಬಂದು ಭತ್ತಕ್ಕೆಂದು ಹೊಲ ಸಮ ಮಾಡುವಾಗ ಇಂಥ ಎಷ್ಟೋ ನೆಲೆಗಳು ಅಳಿಸಿಹೋದವು. ಇದನ್ನು ನೆನೆದರೆ ಸಂಕಟವಾಗುತ್ತದೆ.

ಈಗ ಕಾಗದಕ್ಕೆ ಬರೋಣ, ನನ್ನ ವಾದದ ತಿರುಳು ಅಲ್ಲಿದೆ. ನೂರು ವರ್ಷದೊಳಗೆ ಇಲ್ಲಿಯ ಒಂದು ಹೊಲ ನಾಯಕರ ಕೈ, ಬ್ರಿಟಿಷರ ಕೈ, ನಿಜಾಮನ ಕೈ ದಾಟಿ 1948ರ ಸೆಪ್ಟೆಂಬರಿನ ಮೇಲೆ ಭಾರತದ ಆಡಳಿತಕ್ಕೆ, 1956ರ ನವೆಂಬರ್ 1ಕ್ಕೆ ಕನ್ನಡ ರಾಜ್ಯಕ್ಕೆ ಬಂತು. ಪ್ರತಿ ಸಲವೂ ದಾಖಲೆಯ ರೂಪ ಬದಲಾಯಿತು, ಭಾಷೆಯೂ ಬದಲಾಯಿತು. ನಿಜಾಮರ ಕಾಲದ ಜಮೀನು ದಾಖಲೆಯಾದ ಸೇತ್ವಾರ್ ಉರ್ದುವಿನಲ್ಲಿದೆ. 1950ರ ದಶಕದ ಖಾಸ್ರಾ ಪಹಣಿ ಇಂದಿಗೂ ಹೈದರಾಬಾದ್ ಸೀಮೆಯ ಜಮೀನು ವ್ಯಾಜ್ಯಗಳಲ್ಲಿ ಬಲವಾದ ಪುರಾವೆ. ಅದರಲ್ಲಿ ಪಟ್ಟೇದಾರನ ಹೆಸರು ಒಂದು ಕಡೆ, ನಿಜಕ್ಕೂ ಉಳುತ್ತಿದ್ದವನ ಹೆಸರು ಇನ್ನೊಂದು ಕಡೆ ಇರುತ್ತದೆ. ಈಗಿನ ಪಹಣಿಯಲ್ಲೂ ಅದೇ ಏರ್ಪಾಡು: 9ನೆಯ ಕಾಲಂನಲ್ಲಿ ಖಾತೆದಾರ, 11ರಲ್ಲಿ ಸಾಲ ಮತ್ತು ಋಣ, 12ರಲ್ಲಿ ಸಾಗುವಳಿದಾರ. 9ರಲ್ಲಿ ಒಬ್ಬನ ಹೆಸರು, 12ರಲ್ಲಿ ಇನ್ನೊಬ್ಬನದು ಇದ್ದ ಒಂದು ಹಳೆಯ ಹಾಳೆಯನ್ನು ಊಹಿಸಿಕೊಳ್ಳಿ. ಗೇಣಿ ಶಾಸನ ಬಂದಾಗ, 1974ರ ಭೂಸುಧಾರಣೆಯ ತಿದ್ದುಪಡಿ ಬಂದಾಗ, 12ರಲ್ಲಿದ್ದವನ ಹೆಸರು ಮುಂದಿನ ವರ್ಷದ ಹಾಳೆಯಿಂದ ಮಾಯವಾಗಿದ್ದರೆ ಅಲ್ಲೊಂದು ಕತೆಯಿದೆ. ಊರು ಬಿಟ್ಟನೆ, ಬಿಡಿಸಿದರೆ, ತಾನೇ ಭೂ ನ್ಯಾಯಮಂಡಳಿಗೆ ಹೋಗದೆ ಉಳಿದನೆ? ಅವನ ಮೊಮ್ಮಗ ಇಂದು 9ನೆಯ ಕಾಲಂನವನ ಮೊಮ್ಮಗಳನ್ನು ಮೆಚ್ಚಿದರೆ, ಆ ಹಾಳೆ ಓದಿಸಿದ ದಿನವೇ ಅವರ ಪ್ರೀತಿಯ ಪರೀಕ್ಷೆ. ಅವಳು ತನ್ನ ಮನೆತನದ ತಪ್ಪನ್ನು ಒಪ್ಪುವಳೆ? ಅವನು ಪ್ರೀತಿಯ ಮುಲಾಜಿಗೆ ಹಕ್ಕನ್ನು ನುಂಗಿಕೊಳ್ಳುವನೆ, ಇಲ್ಲ ಹಕ್ಕಿನ ಆಸೆಗೆ ಪ್ರೀತಿಸಿದ ಎಂಬ ಮಾತು ಹೊರುವನೆ? ಅದಕ್ಕೂ ಹಿಂದಿನ ದಾಖಲೆಗೆ ಹೋದರೆ, ಇಬ್ಬರಿಗೂ ಓದಲು ಬಾರದ ಉರ್ದುವನ್ನು ಓದಿ ಹೇಳುವ ಮೂರನೆಯ ವ್ಯಕ್ತಿ ಬೇಕಾಗುತ್ತಾನೆ; ಅವನ ಮೇಲಿನ ನಂಬಿಕೆಯೂ ಕತೆಯ ಭಾಗವಾಗುತ್ತದೆ. ಇದಕ್ಕಿಂತ ಬಿಗಿಯಾದ ಹೆಣಿಗೆಯನ್ನು ಯಾವ ಕಾದಂಬರಿಕಾರನೂ ಕಷ್ಟಪಟ್ಟು ಕಟ್ಟಬೇಕಾಗಿಲ್ಲ.

ಹೆಣ್ಣುಮಕ್ಕಳ ಹಕ್ಕು ಈ ಹೆಣಿಗೆಯನ್ನು ಇನ್ನೊಂದು ಸುತ್ತು ಬಿಗಿ ಮಾಡುತ್ತದೆ. ನಮ್ಮಲ್ಲಿ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿಗೆ ಅಕ್ಕರೆ ಒಂದು ಕಾರಣವಾದರೆ ಹೊಲ ಇನ್ನೊಂದು ಕಾರಣ. ಮಗಳ ಜೊತೆ ಮಣ್ಣು ಹೊರಗೆ ಹೋಗಬಾರದು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಹೆಣ್ಣುಮಕ್ಕಳನ್ನು ಹಿರಿಯರ ಆಸ್ತಿಯಲ್ಲಿ ಸಮಪಾಲಿನವರನ್ನಾಗಿ ಮಾಡಿತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ಅಳಿಸಿತು. ಹಕ್ಕು ಹುಟ್ಟಿನಿಂದಲೇ ಬರುವುದೆಂದೂ 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲವೆಂದೂ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮವಾಗಿ ಆದ ಪಾಲು ಮಾತ್ರ ಕದಲುವುದಿಲ್ಲ. ಒಂದು ತಾರೀಖಿನ ಹಿಂದು-ಮುಂದಿನಲ್ಲಿ ಒಬ್ಬ ಹೆಣ್ಣುಮಗಳ ಬಾಳು ತೂಗುತ್ತದೆ. ಪಂಚಮಿಗೋ ದೀಪಾವಳಿಗೋ ತವರಿಗೆ ಬಂದ ಅಕ್ಕತಂಗಿಯರಿಗೆ ಸೀರೆ ಉಡಿಸಿ ಅವರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಮನೆಗಳು ಯಾವ ತಾಲ್ಲೂಕಿನಲ್ಲಿಲ್ಲ? ಅಜ್ಜಿಯ ತಂಗಿಯೊಬ್ಬಳು ಸಹಿ ಹಾಕಲು ಯಾಕೆ ಒಪ್ಪಲಿಲ್ಲ, ಆಮೇಲೆ ಅವಳ ಹೆಸರು ಮನೆಯಲ್ಲಿ ಯಾಕೆ ಕೇಳಿಬರಲಿಲ್ಲ ಎಂಬುದು ಅರಸನ ಸಾವಿನಷ್ಟೇ ಗಂಭೀರವಾದ ಐತಿಹಾಸಿಕ ಪ್ರಶ್ನೆ ಎಂದು ನಾನು ಭಾವಿಸುತ್ತೇನೆ. ತನ್ನ ಇಷ್ಟದವನನ್ನು ಮದುವೆಯಾಗಲು ಹೊರಟ ಮೊಮ್ಮಗಳಿಗೆ ಅದರ ಉತ್ತರ ನೇರವಾಗಿ ಬೇಕಾಗುತ್ತದೆ.

ಪ್ರೇಮವನ್ನೂ ಚರಿತ್ರೆಯನ್ನೂ ಹೆಣೆಯುವ ಈ ಕಾದಂಬರಿ ಹೊರಗಿನಿಂದ ತಂದ ಬಗೆ, ಕನ್ನಡಕ್ಕೆ ಒಗ್ಗದು ಎನ್ನುವವರಿದ್ದಾರೆ. ತೇಜಸ್ವಿಯವರ ‘ಜುಗಾರಿ ಕ್ರಾಸ್’ ಓದಿದವರು ಹಾಗೆನ್ನಲಾರರು. ಏಲಕ್ಕಿ ಮಾರಲು ಹೊರಟ ಕೃಷಿಕ ದಂಪತಿ ಸುರೇಶ ಮತ್ತು ಗೌರಿ, ಅವರ ಕೈಗೆ ಬಂದ ಹಳೆಯ ಕಾವ್ಯವೊಂದರಲ್ಲಿ ಅಡಗಿದ ರತ್ನದ ಸುಳಿವು. ಒಲವು, ಬೇಸಾಯ, ಗುಟ್ಟು ಮೂರೂ ಅಲ್ಲಿ ಒಂದೇ ಓಟದಲ್ಲಿ ಸಾಗುತ್ತವೆ. ಅಲ್ಲಿ ಗುಟ್ಟು ದಂಪತಿಯ ಜೀವಕ್ಕೇ ಕುತ್ತು ತರುತ್ತದೆ, ಆದ್ದರಿಂದ ಹೆಣಿಗೆ ಗಟ್ಟಿ. 2007ರಲ್ಲಿ ಬಂದ ಭೈರಪ್ಪನವರ ‘ಆವರಣ’ದಲ್ಲಿ ಪ್ರೇಮವಿವಾಹವಾಗಿ ತವರಿನಿಂದ ದೂರವಾಗಿದ್ದ ಲಕ್ಷ್ಮಿ, ತಂದೆ ಸತ್ತಮೇಲೆ ಊರಿಗೆ ಬಂದು ಅವರು ಬಿಟ್ಟುಹೋದ ಪುಸ್ತಕಗಳ ನಡುವೆ ಇತಿಹಾಸವನ್ನು ಅರಸುತ್ತಾಳೆ. ಆ ಕಾದಂಬರಿಯ ನಿಲುವಿನ ಚರ್ಚೆ ಸಾಕಷ್ಟಾಗಿದೆ, ಅದು ಇಲ್ಲಿ ಬೇಡ. ನನ್ನ ವಿಷಯಕ್ಕೆ ಬೇಕಾದಷ್ಟು ಹೇಳುವುದಾದರೆ, ಅಲ್ಲಿ ಚರಿತ್ರೆ ಗ್ರಂಥಗಳಿಂದ ಬರುತ್ತದೆ. ಆ ಊರಿನ ಹೊಲ ಮಾತಾಡುವುದಿಲ್ಲ. ಇಂಗ್ಲಿಷಿನಲ್ಲಿ 1990ರಲ್ಲಿ ಬುಕರ್ ಪ್ರಶಸ್ತಿ ಪಡೆದ ಎ. ಎಸ್. ಬಯಟ್ ಅವರ ‘ಪೊಸೆಷನ್’ ಈ ಬಗೆಯ ಹೆಸರಾಂತ ಕೃತಿ. ಇಬ್ಬರು ಸಂಶೋಧಕರು ಹಳೆಯ ಕವಿಗಳಿಬ್ಬರ ಗುಟ್ಟಿನ ಪ್ರೇಮವನ್ನು ಬಗೆಯುತ್ತ ತಾವೂ ಹತ್ತಿರವಾಗುತ್ತಾರೆ. ಕೊನೆಗೆ ಸಂಶೋಧಕಿಯೇ ಆ ಕವಿಗಳ ವಂಶದವಳು, ಪತ್ರಗಳ ವಾರಸುದಾರಳು ಎಂದು ತಿಳಿಯುತ್ತದೆ. ಗುಟ್ಟು ಒಡೆದಾಗ ಹಕ್ಕು ಬದಲಾಗಬೇಕೆಂಬ ನನ್ನ ಮಾತಿಗೆ ಅದೂ ಸಾಕ್ಷಿ. ಟೇಲರ್ ತಪ್ಪಿಸಿಕೊಂಡ ಪ್ರಶ್ನೆಯನ್ನು ಅದು ಎದುರಿಸಿತು.

ಇನ್ನೊಂದು ಆಕ್ಷೇಪ ಚರಿತ್ರಕಾರರದು: ಕಲ್ಪನೆ ಬೆರೆತರೆ ಇತಿಹಾಸ ಕೆಡುತ್ತದೆ. ಈ ಭಯ ನ್ಯಾಯವಾದದ್ದು. ವೆಂಕಟಪ್ಪನಾಯಕನ ಸಾವನ್ನು ಕಾದಂಬರಿಯಲ್ಲಿ ಕೊಲೆಯೆಂದು ತೀರ್ಮಾನಿಸಿಬಿಟ್ಟರೆ ಓದುಗರು ಅದನ್ನೇ ಸತ್ಯವೆಂದು ಹಿಡಿಯುತ್ತಾರೆ. ಆದ್ದರಿಂದ ದೊಡ್ಡ ಘಟನೆಯನ್ನು ಬಿಡಿಸಲು ಹೋಗದೆ, ಆ ಘಟನೆಯ ನೆರಳು ಬಿದ್ದ ಒಂದು ಕಲ್ಪಿತ ಮನೆಯ ಗುಟ್ಟನ್ನು ಬಿಡಿಸುವುದು ಮೇಲು. ಅರಸನ ಬಗ್ಗೆ ಪಾತ್ರಗಳು ಜಗಳವಾಡಲಿ, ಲೇಖಕ ತೀರ್ಪು ಕೊಡದಿರಲಿ. ಇದಕ್ಕಿಂತ ದೊಡ್ಡ ಅಪಾಯ ನಿಧಿಯ ಕತೆಯದು. ಹೊಲದಲ್ಲಿ ಗುಟ್ಟು ಎಂದೊಡನೆ ಕೊಪ್ಪರಿಗೆ ಹೊನ್ನಿನ ಕಡೆ ಹೋಗುವ ಬರಹ ನಮ್ಮ ಜನರಿಗೆ ದ್ರೋಹ ಮಾಡುತ್ತದೆ. ನಿಧಿಗಳ್ಳರ ಹಾರೆಗೆ ನಮ್ಮ ಎಷ್ಟು ಗುಡಿ, ಎಷ್ಟು ಶಿಲಾಸಮಾಧಿಗಳು ಹಾಳಾಗಿಲ್ಲ? ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಬಂಡೆಸಾಲುಗಳನ್ನು, ರಾಜನ ಕೋಳೂರಿನ ಕಲ್ಲುಮನೆಗಳನ್ನು ಟೇಲರ್ ಅಳೆದು ಬರೆದಿಟ್ಟ. ಹೊನ್ನಿನ ಆಸೆಗೆ ಅಗೆದರೆ ಅವುಗಳಿಂದ ಸಿಗುವುದು ಎಲುಬು, ಮಡಕೆ ಚೂರು. ಕಳೆದುಹೋಗುವುದು ಅವನ್ನು ಇಟ್ಟ ಕ್ರಮ, ಆ ಕ್ರಮದೊಂದಿಗೆ ಅವುಗಳ ಅರ್ಥ. ಸಿಕ್ಕ ಹೂತ ಒಡವೆಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನು ಇದೆ. ನಮ್ಮ ಕಾದಂಬರಿಯ ನಾಯಕ ಅದನ್ನು ಪಾಲಿಸಿದರೆ ಕತೆ ಸಪ್ಪೆಯಾಗುವುದಿಲ್ಲ. ಆಮೇಲೆ ಹೊಲ ತಮ್ಮ ಕೈಯಲ್ಲಿ ಉಳಿಯುತ್ತದೆಯೋ ಇಲ್ಲವೋ ಎಂಬ ಮನೆಯವರ ಹೆದರಿಕೆ ಆಗಲೇ ಶುರುವಾಗುತ್ತದೆ.

ಕೊನೆಯ ಆಕ್ಷೇಪ ನನಗೆ ಎಲ್ಲಕ್ಕಿಂತ ಭಾರವಾದದ್ದು. ಜಾತಿ ಮೀರಿ ಪ್ರೀತಿಸಿದವರನ್ನು ಹೆತ್ತವರೇ ಕೊಲ್ಲುವ ಸುದ್ದಿ ಬರುವ ನಾಡಿನಲ್ಲಿ ಹೊಲದ ಬದುವಿನ ಮೇಲಿನ ಪ್ರೇಮಕಥೆ ಬರೆಯುವುದು ನೋವನ್ನು ಹಗುರ ಮಾಡಿದಂತಲ್ಲವೆ? ಸಿಹಿ ಕತೆಯಾದರೆ ಹೌದು. ಆದರೆ ಆ ಸಿಟ್ಟಿನ ಬೇರನ್ನು ಮರ್ಯಾದೆ ಎಂಬ ಒಂದು ಮಾತಿನಲ್ಲಿ ಮುಚ್ಚಿಬಿಡುವುದು ಸುದ್ದಿಯ ರೂಢಿ. ಅದರ ಕೆಳಗೆ ಹೊಲವಿದೆ, ಅಳಿಯನಾಗಿ ಬಂದವನು ನಾಳೆ ಪಾಲು ಕೇಳಿಯಾನು ಎಂಬ ಅಂಜಿಕೆಯಿದೆ, ಅವನ ಅಜ್ಜ ನಮ್ಮ ಜೀತದಲ್ಲಿದ್ದ ಎಂಬ ನೆನಪಿದೆ, ಆ ಜೀತದ ಹಿಂದೆ ಮುಚ್ಚಿಟ್ಟ ಒಂದು ಲೆಕ್ಕವಿದೆ. ಈ ಪದರಗಳನ್ನು ಒಂದೊಂದಾಗಿ ಬಿಡಿಸಲು ಪ್ರೇಮವನ್ನೂ ಚರಿತ್ರೆಯನ್ನೂ ಕೂಡಿಸಿದ ಕಾದಂಬರಿಗೆ ಇರುವ ಅನುಕೂಲ ವರದಿಗಾಗಲಿ ಪ್ರಬಂಧಕ್ಕಾಗಲಿ ಇಲ್ಲ. ಅಲ್ಲಿ ಪ್ರೇಮಿಗಳು ಗೆಲ್ಲಲೇಬೇಕೆಂದು ನಾನು ಕೇಳುವುದಿಲ್ಲ. ಅವರು ಸೋತರೆ ಯಾವ ಕಾಗದದಿಂದ, ಯಾರ ಸಹಿಯಿಂದ ಸೋತರೆಂಬುದು ಓದುಗರಿಗೆ ಕಾಣಬೇಕು.

ಸುರಪುರ, ಶಹಾಪುರ, ಹುಣಸಗಿಯ ಕಾಲೇಜುಗಳಿಂದ ಬಂದು ಇಲ್ಲಿ ಕುಳಿತಿರುವ ಎಳೆಯ ಬರಹಗಾರರಲ್ಲಿ ನನ್ನದೊಂದು ಬಿನ್ನಹ. ಕತೆಗೆ ಕೂಡುವ ಮೊದಲು ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು ನಿಮ್ಮ ಮನೆತನದ ಹೊಲದ ಖಾಸ್ರಾ ಪಹಣಿಯ ನಕಲು ತೆಗೆಸಿ. ಉರ್ದು ಬಲ್ಲ ಹಿರಿಯರು ನಿಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅವರಿಂದ ಅದನ್ನು ಸಾಲುಸಾಲಾಗಿ ಓದಿಸಿ ಬರೆದುಕೊಳ್ಳಿ. ಮನೆಯ ಹಿರಿಯ ಹೆಣ್ಣುಮಕ್ಕಳು ಯಾವ ಕಾಗದಕ್ಕೆ, ಯಾವ ವರ್ಷ, ಯಾರ ಮಾತಿಗೆ ಹೆಬ್ಬೆಟ್ಟು ಒತ್ತಿದರೆಂದು ಅವರನ್ನೇ ಕೇಳಿ. ಆ ಹಿರಿಯರ ವಯಸ್ಸು ಎಂಬತ್ತು ದಾಟಿದೆ. ಈ ಕೆಲಸ ಈ ವರ್ಷವೇ ಆಗಬೇಕು.